ಹೋಳಿ ಹುಣ್ಣಿಮೆಗೆ ಬೊಬ್ಬೆ, ಮಗಳ ಪ್ರಶ್ನೆಗೆ ಮೌನ

ಜತ್, ಅಕ್ಕಲಕೋಟ ಕಡೆ ಹೆಣ್ಣುಮಗಳು ಮುಟ್ಟಾದರೆ ಕನ್ನಡದವರು ‘ಕಾಗಿ ಮುಟ್ಟೈತಿ’ ಎನ್ನುತ್ತಾರೆ. ಮರಾಠಿಯವರು ‘ಕಾವಳಾ ಶಿವಲಾ’ ಎನ್ನುತ್ತಾರೆ. ಗಡಿ ವಾದ ಏನೇ ಇರಲಿ, ಈ ಮಾತು ಮುಚ್ಚಿಡಲು ಎರಡೂ ಭಾಷೆಯವರು ಒಂದೇ ಕಾಗೆಯನ್ನು ಹಿಡಿದಿದ್ದಾರೆ!

ಹಾಗಂತ ಇಲ್ಲಿಯ ಮಂದಿ ಲೈಂಗಿಕ ವಿಷಯ ಎತ್ತುವುದೇ ಇಲ್ಲ ಅನ್ನುವಂತಿಲ್ಲ. ಹೋಳಿ ಹುಣ್ಣಿಮೆಯ ಬೊಬ್ಬೆ ಕೇಳಿದವರಿಗೆ, ತಮಾಷಾದ ಲಾವಣಿಗೆ ಸೀಟಿ ಹೊಡೆದ ಹಿರಿಯರಿಗೆ ಇದು ಗೊತ್ತು. ಹುಡುಗಿ ಮೈನೆರೆದರೆ ಆರತಿ ಮಾಡಿ ಓಣಿಗೆಲ್ಲ ಊಟ ಹಾಕುವವರಿದ್ದಾರೆ. ಅದೇ ಹುಡುಗಿ ‘ಇದು ಯಾಕ ಆಗ್ತದ ಅವ್ವಾ?’ ಎಂದು ಕೇಳಿದರೆ ಮಾತ್ರ ‘ಸುಮ್ನ ಕೂಡು’ ಎಂಬ ಉತ್ತರ.

ಮಹಾರಾಷ್ಟ್ರಕ್ಕೆ ಈ ಚರ್ಚೆ ಹೊಸದಲ್ಲ. ಮಹರ್ಷಿ ಕರ್ವೆಯವರ ಮಗ ರಘುನಾಥ ಕರ್ವೆ 1921ರಲ್ಲೇ ಮುಂಬೈಯಲ್ಲಿ ಸಂತತಿ ನಿಯಂತ್ರಣ ಕೇಂದ್ರ ತೆರೆದರು. 1927ರಿಂದ ‘ಸಮಾಜಸ್ವಾಸ್ಥ್ಯ’ ಮಾಸಿಕ ನಡೆಸಿ ಓದುಗರ ಖಾಸಗಿ ಪ್ರಶ್ನೆಗಳಿಗೆ ನೇರ ಮರಾಠಿಯಲ್ಲಿ ಉತ್ತರ ಕೊಟ್ಟರು. ಕಾಲೇಜಿನ ಕೆಲಸ ಬಿಡಬೇಕಾಯಿತು, ಅಶ್ಲೀಲತೆಯ ಖಟ್ಲೆ ಬಿದ್ದವು. 1934ರ ಖಟ್ಲೆಯಲ್ಲಿ ಅವರ ವಕೀಲರಾಗಿ ನಿಂತವರು ಡಾ. ಬಾಬಾಸಾಹೇಬ ಅಂಬೇಡ್ಕರ್. ಖಟ್ಲೆ ಸೋತರೂ ಮಾಸಿಕ ನಿಲ್ಲಲಿಲ್ಲ. 1953ರಲ್ಲಿ ಕರ್ವೆ ತೀರಿಕೊಳ್ಳುವ ತನಕ ನಡೆಯಿತು.

ಅಂಥ ರಾಜ್ಯ 2007ರಲ್ಲಿ ಶಾಲೆಯ ಲೈಂಗಿಕ ಶಿಕ್ಷಣವನ್ನೇ ಬಂದ್ ಮಾಡಿತು. ಪುಸ್ತಕದ ಚಿತ್ರಗಳು ಶಾಸಕರಿಗೆ ಸರಿಬರಲಿಲ್ಲ.

ಆಮೇಲೆ ಗಾಳಿ ಬದಲಾಗಿದೆ, ಸುಳ್ಳಲ್ಲ. 2018ರ ಮಾರ್ಚ್‌ನಲ್ಲಿ ‘ಅಸ್ಮಿತಾ’ ಯೋಜನೆ ಬಂದು ಜಿಲ್ಲಾ ಪರಿಷತ್ ಶಾಲೆಯ ಹುಡುಗಿಯರಿಗೆ 5 ರೂಪಾಯಿಗೆ ಪ್ಯಾಡಿನ ಪಾಕೀಟು ಎಂದು ಸರಕಾರವೇ ಸಾರಿತು. ಅದೇ ವರ್ಷ ಸಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ 377ನೇ ಕಲಮಿನ ತೀರ್ಪು ಕೊಟ್ಟಾಗ ಮನೆಮಂದಿಯೆಲ್ಲ ಕೂತು ಟಿವಿಯಲ್ಲಿ ‘ಸಲಿಂಗಿ’ ಎಂಬ ಶಬ್ದ ಕೇಳಿದರು. ಗಡಬಡಿಸಿ ಚಾನಲ್ ಬದಲಿಸಿದವರೂ ಇದ್ದಾರೆ ಬಿಡಿ. ಈಗಂತೂ ಸಣ್ಣ ಪೋರನ ಕೈಯಲ್ಲೂ ಮೊಬೈಲ್. ಅದರಲ್ಲಿ ಬೇಡಾದ್ದು ತಾನೇ ಬಂದು ಬೀಳುತ್ತದೆ, ಬೇಕಾದ್ದನ್ನು ಹೇಳುವವರಿಲ್ಲ.

ಮನೆಯವರು ನಾಚಿಕೊಂಡರೆಂದು ಕಾನೂನು ಕಾಯುವುದಿಲ್ಲ. ಬರದ ಊರಿನಿಂದ ಕಬ್ಬು ಕಡಿಯಲು ಹೋಗುವ ಕುಟುಂಬ ‘ಬೆಳೆದ ಹುಡುಗೀನ ಎಲ್ಲಿ ಬಿಡೂದು’ ಎಂದು ಹದಿನಾರಕ್ಕೇ ಲಗ್ನ ಮಾಡುತ್ತದೆ. ಹೆರಿಗೆಗೆ ದವಾಖಾನೆಗೆ ಹೋದಾಗ 18 ತುಂಬಿಲ್ಲವೆಂದು ಗೊತ್ತಾದರೆ, 2012ರ ಪೋಕ್ಸೋ ಕಾಯ್ದೆಯಂತೆ ಡಾಕ್ಟರು ಪೊಲೀಸರಿಗೆ ತಿಳಿಸಲೇಬೇಕು. ತಾಳಿ ಕಟ್ಟಿದ ಗಂಡನಿಗೂ ವಿನಾಯಿತಿ ಇಲ್ಲ ಎಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಕೂಸು ತೊಟ್ಟಿಲಲ್ಲಿ, ಅಪ್ಪ ಜೇಲಿನಲ್ಲಿ. ಅಕ್ಷತೆ ಹಾಕಿದ ಹಿರಿಯರು ‘ನಮಗೇನ ಗೊತ್ತರಿ ಸಾಹೇಬ್ರ’ ಎಂದು ಕೈ ಮುಗಿಯುತ್ತಾರೆ. ಗೊತ್ತಾಗುವುದಾದರೂ ಹೇಗೆ? ಹುಡುಗಿಗೆ ವಯಸ್ಸು, ಬಸಿರು, ಒಲ್ಲೆ ಅನ್ನುವ ಹಕ್ಕು ಯಾವುದನ್ನೂ ಯಾರೂ ಬಿಡಿಸಿ ಹೇಳಿಲ್ಲ.

ಗಡಿಯ ಕನ್ನಡ ಶಾಲೆಗಳಿಗೆ ಬಾಲಭಾರತಿ ಕನ್ನಡದಲ್ಲೇ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಗಣಿತ, ವಿಜ್ಞಾನ ಕನ್ನಡದಲ್ಲಿ ಆಗುವುದಾದರೆ ಈ ನಾಲ್ಕು ಹಾಳೆ ಯಾಕಾಗಬಾರದು? ಸರಕಾರಿ ದವಾಖಾನೆಗಳಲ್ಲಿ ಹರೆಯದವರ ಸಲುವಾಗಿಯೇ ‘ಮೈತ್ರಿ’ ಕ್ಲಿನಿಕ್‌ಗಳಿವೆ. ಅಲ್ಲಿಯ ಸಮುಪದೇಶಕರು ವರ್ಷಕ್ಕೆರಡು ಸಲ ಪಾಲಕರ ಸಭೆಗೆ ಬಂದು ಕನ್ನಡದಲ್ಲಿ ಮಾತಾಡಲಿ. ಹಾಂ, ಪ್ಯಾಡಿನ ಮಾಹಿತಿ ಕೊಡುವಾಗ ಹುಡುಗರನ್ನು ಮೈದಾನಕ್ಕೆ ಅಟ್ಟುವ ರೂಢಿಯನ್ನು ಗುರುಗಳು ಮೊದಲು ಬಿಡಬೇಕು.