ಕಿವಿಗೆ ಬಂದ ಇಂಗ್ಲಿಷು ಕಣ್ಣಿಗೂ ಬರಲಿ



ಕೆಲವು ವರ್ಷಗಳ ಹಿಂದೆ ನಮ್ಮ ಲೈನಿನ ಒಬ್ಬ ಅಕ್ಕ ಕೆಲಸದಿಂದ ನಿವೃತ್ತರಾದರು. ಮೂವತ್ತು ವರ್ಷಕ್ಕೂ ಮೇಲೆ ಟೀ ಎಲೆ ಕಿತ್ತ ಕೈ ಅವರದು. ಗ್ರಾಚ್ಯುಯಿಟಿ ಬಾಬ್ತು ಒಂದಿಷ್ಟು ಹಣ ಬಂದಿದೆ, ರುಜು ಹಾಕಬೇಕು ಎಂದು ಕರೆ ಬಂತು. ಸಂಘದ ಪರವಾಗಿ ಜೊತೆಗೆ ಹೋದವರು ನಾವೇ. ಕಾಗದ ಇಂಗ್ಲಿಷಿನಲ್ಲಿತ್ತು. ನಾವು ಹೆಸರು ನೋಡಿದೆವು, ಮೊತ್ತ ನೋಡಿದೆವು, “ಹಾಕಿ ಅಕ್ಕ” ಎಂದುಬಿಟ್ಟೆವು. ಕೆಳಗೆ ಸಣ್ಣ ಅಕ್ಷರದಲ್ಲಿ ‘ಫುಲ್ ಅಂಡ್ ಫೈನಲ್ ಸೆಟ್ಲ್‌ಮೆಂಟ್’ ಎಂದಿದ್ದುದನ್ನು ಓದಲಿಲ್ಲ. ಬರಬೇಕಾದುದೆಲ್ಲ ಬಂತು, ಇನ್ನು ಬಾಕಿಯೇನೂ ಇಲ್ಲ ಎಂದು ಒಪ್ಪಿದಂತೆ ಅದರ ಅರ್ಥ. ಉಳಿದ ಹಣ ಕೇಳಲು ಹೋದಾಗ ಅದೇ ಕಾಗದವನ್ನು ಮುಂದಿಟ್ಟರು. ಕಾನೂನು ಕೊಟ್ಟ ಹಕ್ಕು ಇಂಥ ರುಜುವಿನಿಂದ ಹೋಗುವುದಿಲ್ಲ ಎಂದು ವಾದಿಸಿ ಕೊನೆಗೆ ಹಣ ಪಡೆದೆವು, ನಿಜ. ಆದರೆ ಅಕ್ಕ ಎರಡು ವರ್ಷ ಬಸ್ಸು ಹತ್ತಿ ಇಳಿದರು. ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಕೂಲಿ ಎಂಬ ಲೆಕ್ಕ ನಮಗೆ ಬಾಯಿಪಾಠವಿತ್ತು. ಕಣ್ಣೆದುರಿನ ನಾಲ್ಕು ಪದ ಮಾತ್ರ ದಕ್ಕಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದವರೆಂಬ ಹೆಮ್ಮೆ ಆ ದಿನ ಇಳಿಯಿತು.

ಇಂಗ್ಲಿಷೆಂದರೆ ಮಕ್ಕಳ ವಿಷಯ, ಫೀಸು ಕಟ್ಟಿ ಕಾನ್ವೆಂಟಿಗೆ ಕಳಿಸಿದರೆ ನಮ್ಮ ಕರ್ತವ್ಯ ತೀರಿತು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಆದರೆ ರುಜು ಹಾಕುವ ಕೈ ತಾಯಿಯದು, ತಂದೆಯದು. ರುಜು ಹಾಕುವವರು ಓದಬೇಕು ಎಂಬುದೇ ನಮ್ಮ ಅಭಿಪ್ರಾಯ. “ಈ ವಯಸ್ಸಿನಲ್ಲಿ ನಮಗೆ ಎಲ್ಲಿಂದ ಬರುತ್ತದೆ?” ಎಂದು ಅಕ್ಕಂದಿರು ನಗುತ್ತಾರೆ. ಅರ್ಧ ಆಗಲೇ ಬಂದಿದೆ! ಮಸ್ಟರ್, ಡಿವಿಷನ್, ಅಡ್ವಾನ್ಸ್, ಬೋನಸ್, ಲೀವ್, ಓವರ್‌ಟೈಮ್, ಸ್ಪ್ರೇ, ಪ್ರೂನಿಂಗ್ — ಇವೆಲ್ಲ ಯಾವ ಭಾಷೆ? ನೀಲಗಿರಿಯ ಈ ತೋಟಗಳಲ್ಲಿ ಅಂಗಡಿಯವರೊಡನೆ ಮಲಯಾಳ, ಆಫೀಸಿನಲ್ಲಿ ತಮಿಳು, ಒಲೆಯ ಮುಂದೆ ಕನ್ನಡ ಎಂದು ಮೂರು ಭಾಷೆ ಆಡುವ ಹೆಂಗಸಿಗೆ ನಾಲ್ಕನೆಯದು ಕಿವಿಗೆ ಆಗಲೇ ಬಿದ್ದಿದೆ. ಕಣ್ಣಿಗೆ ಬೀಳುವುದಷ್ಟೇ ಬಾಕಿ.

ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬರಬೇಕಾದುದು ನಮ್ಮ ನಮ್ಮ ಹೆಸರು. ಇದು ಸಣ್ಣ ಮಾತಲ್ಲ. ಗೌರಮ್ಮ ಎಂಬ ಹೆಸರನ್ನೇ ತೆಗೆದುಕೊಳ್ಳಿ. ತಮಿಳಿನಲ್ಲಿ ‘ಕ’ಗೂ ‘ಗ’ಗೂ ಒಂದೇ ಅಕ್ಷರ. ಅದರಿಂದ ಇಂಗ್ಲಿಷಿಗೆ ಇಳಿಸುವಾಗ ಒಬ್ಬರು ‘ಜಿ’ಯಿಂದ ಶುರು ಮಾಡುತ್ತಾರೆ, ಇನ್ನೊಬ್ಬರು ‘ಕೆ’ಯಿಂದ. ಮುಂದಿನ ಅಕ್ಷರವನ್ನು ಒಬ್ಬರು ‘ಎ ಯು’ ಎಂದೂ ಮತ್ತೊಬ್ಬರು ‘ಓ ಡಬ್ಲ್ಯು’ ಎಂದೂ ಬರೆಯುತ್ತಾರೆ. ಒಬ್ಬ ಗೌರಮ್ಮ ಕಾಗದದ ಮೇಲೆ ನಾಲ್ಕು ಹೆಂಗಸರಾಗಿಬಿಡುತ್ತಾಳೆ. ತಂದೆಯ ಇನಿಷಿಯಲ್ಲು ಹೆಸರಿನ ಮುಂದೆಯೋ ಹಿಂದೆಯೋ ಎಂಬ ಗೊಂದಲ ಬೇರೆ. ಆಧಾರಿನಲ್ಲಿ ಒಂದು, ಪ್ರಾವಿಡೆಂಟ್ ಫಂಡಿನಲ್ಲಿ ಮತ್ತೊಂದು ಇದ್ದರೆ, ತಿಂಗಳು ತಿಂಗಳೂ ನೂರಕ್ಕೆ 12ರಂತೆ ಹಿಡಿದ ನಮ್ಮದೇ ಹಣ ಕೇಳಿದಾಗ ಅರ್ಜಿ ಹಿಂದಕ್ಕೆ ಬರುತ್ತದೆ. ತಿದ್ದಿಸಲು ಮತ್ತೆ ಫಾರಂ, ಮತ್ತೆ ಆಫೀಸು. ಹೊಸ ಪುಸ್ತಕವೋ ಕಾರ್ಡೋ ಕೈಗೆ ಬಂದ ಕೂಡಲೇ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುವಷ್ಟು ಬಂದರೆ, ಆ ಮೇಜಿನ ಮುಂದೆ ನಿಂತೇ “ಇದು ತಪ್ಪು ಸಾರ್” ಎನ್ನಬಹುದು.

ಸ್ಪ್ರೇ ಕೆಲಸಕ್ಕೆ ಹೋಗುವ ತಮ್ಮಂದಿರಿಗೆ ಇನ್ನೂ ಮೂರು ಪದ ಹೇಳಿಕೊಡಬೇಕು. ಔಷಧದ ಡಬ್ಬಿಯ ಮೇಲೆ ಬಣ್ಣದ ಗುರುತಿರುತ್ತದೆ. ಕೆಂಪು, ಹಳದಿಗೆ ‘ಪಾಯ್ಸನ್’, ನೀಲಿಗೆ ‘ಡೇಂಜರ್’, ಹಸಿರಿಗೆ ‘ಕಾಷನ್’ ಎಂದು ಬರೆದಿರುತ್ತದೆ. ಹಸಿರು ಎಂದರೆ ನಿರಪಾಯವಲ್ಲ, ಅಲ್ಲಿಯೂ ಎಚ್ಚರಿಕೆ ಬೇಕೆಂದೇ ಆ ಮಾತು.

ಕಲಿಯುವ ಬಗೆಯಲ್ಲಿ ನಾವೂ ಒಮ್ಮೆ ಎಡವಿದೆವು. ಭಾನುವಾರ ಪೂಜೆಯಾದ ಮೇಲೆ ಒಂದೂವರೆ ಗಂಟೆ ಇಂಗ್ಲಿಷ್ ತರಗತಿ ಎಂದು ಸಾರಿದೆವು. ಕರಿಹಲಗೆ ತಂದೆವು, ವ್ಯಾಕರಣ ಹಿಡಿದೆವು. ಮೊದಲ ವಾರ ಬೆಂಚು ಸಾಲಲಿಲ್ಲ. ಮೂರನೆಯ ತಿಂಗಳಿಗೆ ನಾಲ್ಕು ಜನ. ತಪ್ಪು ಬಂದವರದಲ್ಲ. ಭಾನುವಾರ ಕಲಿತದ್ದನ್ನು ಆರು ದಿನದ ಮಳೆ, ಬುಟ್ಟಿ, ಜಿಗಣೆ ಎಲ್ಲ ಸೇರಿ ತೊಳೆದುಹಾಕುತ್ತಿದ್ದವು. ಮೂವತ್ತು ದಿನದಲ್ಲಿ ಇಂಗ್ಲಿಷ್ ಎಂದು ಪೇಟೆಯಲ್ಲಿ ಹಣ ಕಟ್ಟಿಸಿಕೊಳ್ಳುವವರ ಮಾತಿಗೂ ನಮ್ಮ ಹುಡುಗರು ಮರುಳಾದರು. ‘ಹೌ ಆರ್ ಯು’ ಬಂತು. ಪೇ ಸ್ಲಿಪ್ಪು ಓದಲು ಬರಲಿಲ್ಲ.

ಆಮೇಲೆ ಹೊಳೆದದ್ದು ನಮ್ಮ ಅಜ್ಜಿಯರ ದಾರಿ. ಅಕ್ಷರವೇ ತಿಳಿಯದ ಅವರು ಜ್ಞಾನೋಪದೇಶದ ಪ್ರಶ್ನೋತ್ತರಗಳನ್ನು ಒಂದೂ ತಪ್ಪದೆ ಹೇಳುತ್ತಿದ್ದರಲ್ಲ, ದಿನಕ್ಕೊಂದು ಪ್ರಶ್ನೆ, ನಿನ್ನೆಯದನ್ನು ಹೇಳಿಯೇ ಇಂದಿನದು. ಈಗ ಕೆಲವು ಮನೆಗಳಲ್ಲಿ ಸಂಜೆಯ ಜಪಸರ ಮುಗಿದು ಎದ್ದುಹೋಗುವ ಮುಂಚೆ ಹತ್ತು ನಿಮಿಷ ಹೀಗೇ ನಡೆಯುತ್ತಿದೆ. ಹೊಸದಾಗಿ ಹೊತ್ತು ಹುಡುಕುವ ಕೆಲಸವಿಲ್ಲ. ಹೇಗೂ ಎಲ್ಲರೂ ಕೂತಿರುತ್ತಾರೆ. ಒಂದು ನೋಟ್‌ಬುಕ್ಕು, ದಿನಕ್ಕೆ ಎರಡೇ ಪದ. ಇಂಗ್ಲಿಷಿನಲ್ಲಿ ಬರೆದು, ಪಕ್ಕದಲ್ಲಿ ಉಚ್ಚಾರಣೆಯನ್ನು ಕನ್ನಡದಲ್ಲಿ ಬರೆಯುವುದು. ತಮಿಳು ಶಾಲೆಗೆ ಹೋಗುವ ಮಕ್ಕಳು ಹೀಗಾದರೂ ಕನ್ನಡ ಅಕ್ಷರ ನೋಡುತ್ತಾರೆ. ಮಗ ಇಂಗ್ಲಿಷ್ ಬರೆದರೆ ತಾಯಿ ಕನ್ನಡ ಬರೆದುಕೊಡುತ್ತಾಳೆ. ಯಾರು ಯಾರಿಗೆ ಮಾಸ್ತರು ಎಂದು ಹೇಳಲಾಗದು. ಎಲೆ ಹೆಚ್ಚು ಬರುವ ಕಾಲದಲ್ಲಿ ಬೆನ್ನು ಮುರಿದು ಬಂದ ದಿನ ಬರೆಯುವುದು ಬೇಡ, ನಿನ್ನೆಯ ಎರಡು ಪದವನ್ನು ಒಮ್ಮೆ ಓದಿ ಮಲಗಿದರೆ ಸಾಕು. ಒಂದು ದಿನ ಬಿಟ್ಟರೆ ಚಿಂತೆಯಿಲ್ಲ. ಎರಡನೆಯ ದಿನ ಬಿಡಬಾರದು. ಮೂರನೆಯ ದಿನ ಪುಸ್ತಕ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ, ನಾವೇ ಹುಡುಕಿದ್ದೇವೆ.

ಸಂಘದೊಳಗೂ ಒಂದು ಮಾತಿದೆ: “ಓದಿ ಹೇಳಲು ನಾವಿದ್ದೇವಲ್ಲ, ಅವರಿಗೇಕೆ ಕಷ್ಟ?” ಸ್ನೇಹಿತರು ಬೇಸರಿಸಬಾರದು, ಈ ಮಾತಿನಲ್ಲಿ ಪ್ರೀತಿಯ ಜೊತೆಗೆ ಸ್ವಲ್ಪ ಯಜಮಾನಿಕೆಯೂ ಇದೆ. ಓದಿ ಹೇಳಲು ನಾವಿದ್ದೆವು, ಆ ಅಕ್ಕನಿಗೆ ಏನಾಯಿತೆಂದು ಮೇಲೆಯೇ ಬರೆದಿದ್ದೇವೆ. ಇನ್ನು ಕೆಲವರು, ನಾವು ಇಂಗ್ಲಿಷ್ ಕಲಿತರೆ ನೋಟೀಸುಗಳನ್ನು ನಮ್ಮ ಭಾಷೆಯಲ್ಲಿ ಹಾಕಿ ಎಂದು ಕೇಳುವ ಹಕ್ಕು ಹೋಗುತ್ತದೆ ಎನ್ನುತ್ತಾರೆ. ಈ ಭಯದಲ್ಲಿ ಹುರುಳಿದೆ. ಆ ಬೇಡಿಕೆಯನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ, ಗಟ್ಟಿಯಾಗಿಯೇ ಕೇಳೋಣ. ಆದರೆ ಅದು ಈಡೇರುವ ತನಕ ಎಷ್ಟು ಕಾಗದಗಳಿಗೆ ಕಣ್ಣುಮುಚ್ಚಿ ರುಜು ಹಾಕುವುದು?

ಮುಂದಿನ ಭಾನುವಾರ ಪೂಜೆಗೆ ಬರುವಾಗ ಈ ತಿಂಗಳ ಪೇ ಸ್ಲಿಪ್ಪನ್ನು ಸೆರಗಿನಲ್ಲೋ ಜೇಬಿನಲ್ಲೋ ಇಟ್ಟುಕೊಂಡು ಬನ್ನಿ. ಹೊರಗೆ ಮರದ ಕೆಳಗೆ ಐದು ನಿಮಿಷ ಕೂರೋಣ. ‘ಡಿಡಕ್ಷನ್’, ‘ಅರಿಯರ್ಸ್’, ‘ನೆಟ್’ ಎಂಬ ಮೂರು ಪದಗಳು ಎಲ್ಲಿವೆಯೆಂದು ಬೆರಳಿಟ್ಟು ತೋರಿಸಿದರೆ ಆ ವಾರದ ಪಾಠ ಮುಗಿಯಿತು. ಕನ್ನಡಕ ಮರೆಯಬೇಡಿ.