ದನ ಓಡಿಸಿದರೆ ಪಿಕಳಾರ ಉಳಿಯುವುದಿಲ್ಲ

2025ರ ಜೂನ್ 26ರಂದು ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ವನ್ಯಧಾಮದ ಮೀಣ್ಯಂ ಕಾಡಿನಲ್ಲಿ ಒಂದು ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷಕ್ಕೆ ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಹಾಕಿದ್ದು ಘೋರ ಅಪರಾಧ. ಅದಕ್ಕೆ ಯಾವ ಸಮಜಾಯಿಷಿಯೂ ಬೇಡ. ಅಂಥ ಕಳೇಬರಕ್ಕೆ ರಣಹದ್ದು ಇಳಿದಿದ್ದರೆ ಅದೂ ಸಾಯುತ್ತಿತ್ತು. ಆದರೆ ಅರಣ್ಯ ಸಚಿವ ಈಶ್ವರ ಖಂಡ್ರೆಯವರು ಮರುತಿಂಗಳೇ ಕಾಡಿನಲ್ಲಿ ಜಾನುವಾರು ಮೇಯಿಸುವುದನ್ನು ನಿಷೇಧಿಸಲು ಸೂಚಿಸಿದರು. ಅಲ್ಲಿಂದ ಶುರುವಾಯಿತು, ನಗರದ ವನ್ಯಜೀವಿಪ್ರಿಯರ ಒಂದೇ ಪಲ್ಲವಿ: ದನ ಹೊರಗೆ ಹೋಗಲಿ, ಕಾಡು ತಾನೇ ಚಿಗುರುತ್ತದೆ, ಪ್ರಾಣಿ ಪಕ್ಷಿಗಳೆಲ್ಲ ಮರಳುತ್ತವೆ. ಮಲೆ ಮಹದೇಶ್ವರ ಬೆಟ್ಟದ ಮಟ್ಟಿಗೆ ಇದು ಹಸಿ ಸುಳ್ಳು.

ಈ ಬೆಟ್ಟಸಾಲು ಮಲೆನಾಡಲ್ಲ. ಬಿಸಿಲು, ಬಂಡೆ, ಕುರುಚಲು, ಮಳೆಗಾಲದಲ್ಲಿ ಮಾತ್ರ ಹಸಿರಾಗುವ ದಿಂಡಿಗ, ಕಮರ ಮರಗಳು. ಇಲ್ಲಿನ ಹಕ್ಕಿಗಳು ಈ ಒಣಗಾಡನ್ನೇ ನಂಬಿದವು. ಗೌಜಲಹಕ್ಕಿಗೆ ಬಯಲು ಹುಲ್ಲು ಬೇಕು, ನತ್ತಿಂಗಕ್ಕೆ ತೆರೆದ ನೆಲ ಬೇಕು. ಹಳದಿ ಕೊರಳಿನ ಪಿಕಳಾರಕ್ಕೆ ಬಂಡೆಗಳ ನಡುವಿನ ಪೊದೆ ಬೇಕು. ದಕ್ಷಿಣ ಭಾರತದ ಕಲ್ಲುಬೆಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಆ ಪಿಕಳಾರವಿಲ್ಲ. ಅಳಿವಿನ ಅಪಾಯದ ಪಟ್ಟಿಯಲ್ಲೂ ಅದರ ಹೆಸರಿದೆ. ಪಕ್ಕದ ಯಳಂದೂರಿನ ಬಿಳಿಗಿರಿರಂಗನ ಬೆಟ್ಟಕ್ಕೆ ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆಯ ಕಾಲದಲ್ಲೇ ಬಂದಿದ್ದರು. ಅದಿಂದು ಜಾಗತಿಕ ಮಹತ್ವದ ಪಕ್ಷಿತಾಣಗಳಲ್ಲಿ ಒಂದು.

ಈ ಹಕ್ಕಿಗಳ ನೆಲೆಯನ್ನು ತಿನ್ನುತ್ತಿರುವುದು ಯಾರು? ದನವಲ್ಲ, ಲಂಟಾನವೆಂಬ ಕಳೆಗಿಡ. ಕನ್ನಡದ ಓದುಗರು ಕಾದಂಬರಿಕಾರರಾಗಿ ಬಲ್ಲ ಕೆ.ಎನ್. ಗಣೇಶಯ್ಯ, ಎನ್.ಎ. ಅರವಿಂದ್, ಆರ್. ಉಮಾಶಂಕರ್ ಮತ್ತು ಸಂಗಡಿಗರು ಇದನ್ನೇ ಅಧ್ಯಯನ ಮಾಡಿ 2010ರಲ್ಲಿ ಪ್ರಕಟಿಸಿದರು. ಎಲ್ಲೋ ಆಫ್ರಿಕಾದಲ್ಲಲ್ಲ, ಇದೇ ಮಲೆ ಮಹದೇಶ್ವರ ಕಾಡಿನಲ್ಲಿ. ಲಂಟಾನ ದಟ್ಟವಾದಷ್ಟೂ ಹಕ್ಕಿಗಳ ವೈವಿಧ್ಯ ಇಳಿಯುತ್ತದೆ, ಅದರಲ್ಲೂ ಹುಳ ಹಿಡಿದು ತಿನ್ನುವ ಹಕ್ಕಿಗಳಿಗೆ ಪೆಟ್ಟು ಎಂದು ಅದು ಹೇಳಿತು. 2013ರಲ್ಲಿ ಈ ಕಾಡಿನ 906 ಚದರ ಕಿಲೋಮೀಟರ್ ವನ್ಯಧಾಮವಾಯಿತು. ಬೋರ್ಡು ಬಂತು, ಗೇಟು ಬಂತು. ಲಂಟಾನ ಹೋಗಲಿಲ್ಲ.

ದನ ಮೇಯಿಸಿದ್ದಕ್ಕೇ ಲಂಟಾನ ಹಬ್ಬಿತು ಎನ್ನುವವರು ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ನೋಡಲಿ. ಅದು 1974ರಿಂದ ಅಭಯಾರಣ್ಯ. ಅಲ್ಲಿನ ಬುಡಕಟ್ಟಿನವರಾದ ಸೋಲಿಗರ ಬೇಸಾಯ ನಿಂತಿತು, ಅವರ ಹಾಡಿಗಳಾದ ಪೋಡುಗಳು ಸ್ಥಳಾಂತರಗೊಂಡವು, ಬೇಸಿಗೆಗೆ ಮುಂಚೆ ಅವರು ಇಡುತ್ತಿದ್ದ ತರಗುಬೆಂಕಿ ಅಪರಾಧವಾಯಿತು. ಒಣಗಿದ ಎಲೆಯಷ್ಟನ್ನೇ ಸುಟ್ಟು, ಹುಲ್ಲಿಗೆ ಜಾಗ ಮಾಡಿ, ಎಳೆಯ ಲಂಟಾನವನ್ನು ಅಲ್ಲೇ ಹೊಸಕುತ್ತಿದ್ದ ಸಣ್ಣ ಬೆಂಕಿ ಅದು. ನಿಂತ ಮೇಲೆ ಏನಾಯಿತು? 1997ರಲ್ಲಿ ಅಳೆದ ಜಾಗಗಳನ್ನೇ ಸಂಶೋಧಕರು 2008ರಲ್ಲಿ ಮತ್ತೆ ಅಳೆದರು. ಹನ್ನೊಂದು ವರ್ಷದಲ್ಲಿ ಲಂಟಾನ ಕಂಡ ಜಾಗ ಸುಮಾರು ಎರಡು ಪಟ್ಟಾಗಿತ್ತು. ಕಾವಲಿದ್ದ ಕಾಡಿನಲ್ಲಿ, ಎರಡು ಪಟ್ಟು! ನಿಷೇಧದ ಪರ ಮಾತಾಡುವ ಪ್ರತಿಯೊಬ್ಬರೂ ಮೊದಲು ಈ ಲೆಕ್ಕಕ್ಕೆ ಉತ್ತರ ಕೊಡಬೇಕು. ಲಂಟಾನದ ಹಣ್ಣನ್ನು ಪಿಕಳಾರಗಳೂ ತಿನ್ನುತ್ತವಲ್ಲ ಎಂಬ ವಾದವನ್ನು ನನ್ನ ಮುಂದೆ ತರಬೇಡಿ. ನಾಲ್ಕು ಹಣ್ಣಿಗಾಗಿ ಇಡೀ ಬೆಟ್ಟವನ್ನು ಒಂದೇ ಗಿಡಕ್ಕೆ ಬರೆದುಕೊಡಲಾಗದು.

ದನ ಎಂದು ಇವರು ಹೀಗಳೆಯುವುದು ಯಾವ ದನವನ್ನು? ಆಲಂಬಾಡಿ ತಳಿಗೆ ಹೆಸರು ಕೊಟ್ಟ ಊರು ಇದೇ ಸೀಮೆಯದು. ಗಡಿಯಾಚೆ ಬರಗೂರು ತಳಿ ಇದೆ. ಇವು ಕೊಟ್ಟಿಗೆಯಲ್ಲಿ ಹಿಂಡಿ ತಿಂದು ಬೆಳೆದವಲ್ಲ, ಕಾಡಿನ ದೊಡ್ಡಿಗಳಲ್ಲಿ ತಲೆಮಾರುಗಟ್ಟಲೆ ಬಾಳಿದವು. 2006ರ ಅರಣ್ಯ ಹಕ್ಕು ಕಾಯ್ದೆ ಮೇಯಿಸುವುದನ್ನು ಸಮುದಾಯದ ಹಕ್ಕೆಂದು ಬರೆದಿಟ್ಟಿದೆ. ಸಂಸತ್ತು ಕೊಟ್ಟ ಹಕ್ಕು ಸಚಿವರ ಒಂದು ಸೂಚನೆಗೆ ಅಳಿದುಹೋಗುತ್ತದೆಯೇ?

ನನಗೆ ಸಿಟ್ಟು ಬರುವುದು ಇಲ್ಲೇ. ಕಾಡುಗಳ್ಳ ವೀರಪ್ಪನ್ ಕಾಲದಲ್ಲಿ ಈ ಭಾಗದ ಜನರೆಲ್ಲ ಅವನ ಕಡೆಯವರೆಂಬ ಗುಮಾನಿಗೆ ಒಳಗಾದರು. ಅವನನ್ನು ಹಿಡಿಯುವ ಕಾರ್ಯಾಚರಣೆಯ ಹೆಸರಿನಲ್ಲಿ ಈ ಜನರ ಮೇಲೆ ನಡೆದ ದೌರ್ಜನ್ಯದ ದೂರುಗಳನ್ನು ಕೇಳಲು ಮಾನವ ಹಕ್ಕುಗಳ ಆಯೋಗ ಸದಾಶಿವ ಸಮಿತಿಯನ್ನೇ ನೇಮಿಸಬೇಕಾಯಿತು. ಈಗ ಅದೇ ಜನರನ್ನು ಹುಲಿ ಕೊಲ್ಲುವವರೆಂದು ಸಾಲಾಗಿ ನಿಲ್ಲಿಸುತ್ತಿದ್ದಾರೆ. ತಪ್ಪು ಮಾಡಿದವರಿಗೆ ಶಿಕ್ಷೆಯಾಗಲಿ. ದನ ಕಟ್ಟಿದವರೆಲ್ಲ ಯಾಕೆ ತಲೆ ತಗ್ಗಿಸಬೇಕು? ದೇವರ ದರ್ಶನಕ್ಕೆಂದು ಹಗಲೂ ರಾತ್ರಿ ಬೆಟ್ಟ ಹತ್ತುವ ವಾಹನಗಳ ಬಗ್ಗೆ, ಇಳಿಜಾರಿಗೆ ಬೀಳುವ ಪ್ಲಾಸ್ಟಿಕ್ಕಿನ ಬಗ್ಗೆ ಇಷ್ಟೇ ಗಟ್ಟಿಯಾದ ದನಿ ಕೇಳಿದ್ದೀರಾ? ಅಲ್ಲಿ ಕಾಸಿದೆ, ಓಟಿದೆ. ದನ ಮೇಯಿಸುವವನ ಹತ್ತಿರ ಕೋಲೊಂದೇ ಇದೆ.

ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದ ಕಡ್ಡಿ ಬೇಯಿಸಿ ಕುರ್ಚಿ, ಬುಟ್ಟಿ ಹೆಣೆಯುವುದನ್ನು ಕಲಿತು ವರ್ಷಗಳಾದವು. ಕೈಯಿದೆ, ಕಸುಬಿದೆ. ಕೂಲಿ ಕೊಡಿ, ಲಂಟಾನವನ್ನು ಬೇರುಸಹಿತ ಕೀಳುವ ಕೆಲಸವನ್ನು ಗ್ರಾಮಸಭೆಗಳಿಗೆ ವಹಿಸಿ. ಕಿತ್ತ ಜಾಗದಲ್ಲಿ ಹುಲ್ಲು ಬರುವ ತನಕ ಅವರೇ ಕಾಯಲಿ. ಎಲ್ಲಿ ತರಗುಬೆಂಕಿ ಇಡಬಹುದು, ಎಲ್ಲಿ ದನ ಬಿಡಬಾರದು ಎಂಬುದನ್ನೂ ಅದೇ ಸಭೆ ಅರಣ್ಯ ಇಲಾಖೆಯೊಂದಿಗೆ ಕೂತು ತೀರ್ಮಾನಿಸಲಿ. ಪಿಕಳಾರ ಗೂಡು ಕಟ್ಟುವ ಬಂಡೆಸಾಲುಗಳಿಂದಲೇ ಶುರು ಮಾಡಿ. ಅದಾಗುವ ತನಕ ಇಲ್ಲಿನ ಪೊನ್ನಾಚಿ ಗ್ರಾಮದ ರೈತನ ಹಸುವನ್ನು ಕಾಡಂಚಿನಲ್ಲಿ ತಡೆದು ನಿಲ್ಲಿಸುವ ನೈತಿಕ ಹಕ್ಕು ಸರ್ಕಾರಕ್ಕಿಲ್ಲ.