ಬಿಟ್ರಂತೆ, ಹಾಗಾದ್ರೆ ಯಾರು?

2023ರ ಜೂನ್ 17, ಶನಿವಾರ. ಬಿಪರ್‌ಜಾಯ್ ಚಂಡಮಾರುತ ಎರಡು ದಿನಗಳ ಹಿಂದಷ್ಟೇ ಗುಜರಾತಿನ ದಡ ಸೇರಿತ್ತು. ಕಾಪುವಿನ ಕಡಲು ಮಾತ್ರ ಇನ್ನೂ ತಣ್ಣಗಾಗಿರಲಿಲ್ಲ. ಯಾಂತ್ರಿಕ ದೋಣಿಗಳಿಗೆ ಜೂನ್-ಜುಲೈ ಎರಡು ತಿಂಗಳು ರಜೆ. ದೀಪಸ್ತಂಭದಿಂದ ಸ್ವಲ್ಪ ದೂರದಲ್ಲಿ, ಒಂದು ಮಾಡಿನ ಅಡಿಯಲ್ಲಿ ನಾಲ್ಕೈದು ಮಂದಿ ಹರಿದ ಬಲೆ ಸರಿಮಾಡುತ್ತಾ ಕೂತಿದ್ದರು. ಮಳೆಗೆ ನಾನೂ ಅಲ್ಲಿಗೇ ನುಗ್ಗಿದ್ದೆ. ಒಬ್ಬರು ಹಿಂದಿನ ದಿನದ ಸುದ್ದಿ ಎತ್ತಿದರು: "ಬಿಟ್ರಂತೆ ಮಾರಾಯ್ರೆ." ಯಾರನ್ನು, ಯಾವ ಕೇಸಿನಲ್ಲಿ ಎಂದು ಯಾರೂ ಕೇಳಲಿಲ್ಲ. ಮೂಲೆಯಲ್ಲಿ ನೂಲು ಸುತ್ತುತ್ತಿದ್ದ ವಯಸ್ಸಾದ ಹೆಂಗಸು ತಲೆ ಎತ್ತದೆಯೇ ಅಂದರು: "ಅಂಚಾಂಡ ಮಲ್ತಿನಿ ಏರ್?" ಹಾಗಾದರೆ ಮಾಡಿದ್ದು ಯಾರು?

ಆಮೇಲಿನ ತಿಂಗಳುಗಳಲ್ಲಿ ಕರಾವಳಿಯುದ್ದಕ್ಕೂ ನಡೆದ ಸಭೆ, ಮೆರವಣಿಗೆ, ಧರಣಿಗಳ ಮಾತೆಲ್ಲ ಆ ಮೂರು ಪದಗಳಲ್ಲೇ ಇತ್ತು ಎಂದು ಈಗ ಅನ್ನಿಸುತ್ತದೆ.

ಪ್ರಕರಣ ಓದುಗರಿಗೆ ಗೊತ್ತಿರುವುದೇ. 2012ರ ಅಕ್ಟೋಬರ್ 9ರಂದು ಉಜಿರೆಯ ಕಾಲೇಜಿನಿಂದ ಧರ್ಮಸ್ಥಳದ ಕಡೆಯ ತನ್ನ ಮನೆಗೆ ಹೊರಟ 17 ವರ್ಷದ ಪಿಯುಸಿ ವಿದ್ಯಾರ್ಥಿನಿ ಮನೆ ಮುಟ್ಟಲಿಲ್ಲ. ಮರುದಿನ ಅವಳ ಶವ ಸಿಕ್ಕಿತು. ಅತ್ಯಾಚಾರ, ಕೊಲೆ. ಒಂದೆರಡು ದಿನದಲ್ಲೇ ಜನರು ಒಬ್ಬನನ್ನು ಹಿಡಿದು ಪೊಲೀಸರಿಗೆ ಒಪ್ಪಿಸಿದರು. ಅವನು ಕಾರ್ಕಳ ಕಡೆಯವನು. ಸ್ಥಳೀಯ ಪೊಲೀಸರಿಂದ ಸಿಐಡಿಗೆ, ಅಲ್ಲಿಂದ 2013ರಲ್ಲಿ ಸಿಬಿಐಗೆ ಕಡತ ಹೋಯಿತು. ಕೈ ಬದಲಾದರೂ ಆರೋಪಿ ಬದಲಾಗಲಿಲ್ಲ. 2023ರ ಜೂನ್ 16ರಂದು ಬೆಂಗಳೂರಿನ ಸಿಬಿಐ ವಿಶೇಷ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿತು.

ಇಲ್ಲಿ ಎರಡು ಹೆಸರುಗಳನ್ನು ಬರೆಯದೆ ಬಿಟ್ಟಿದ್ದೇನೆ. ಹುಡುಗಿಯ ಹೆಸರು ರಿಕ್ಷಾಗಳ ಹಿಂಬದಿಯಲ್ಲಿ, ಫ್ಲೆಕ್ಸುಗಳಲ್ಲಿ, ಘೋಷಣೆಗಳಲ್ಲಿ ಇದೆ; ಅದನ್ನು ಪ್ರೀತಿಯಿಂದ ಕೂಗಿದವರ ಮೇಲೆ ನನಗೆ ಆಕ್ಷೇಪವಿಲ್ಲ. ಆದರೆ ಅತ್ಯಾಚಾರಕ್ಕೆ ಬಲಿಯಾದವರ ಗುರುತನ್ನು, ಅವರು ತೀರಿಹೋಗಿದ್ದರೂ, ಪತ್ರಿಕೆಗಳು ಪ್ರಕಟಿಸಬಾರದು ಎಂದು ಸುಪ್ರೀಂ ಕೋರ್ಟು 2018ರ ಡಿಸೆಂಬರಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಇನ್ನೊಂದು, ಬಿಡುಗಡೆಯಾದವನ ಹೆಸರು. ಅದರ ಹಿಂದೆ 'ಆರೋಪಿ' ಎಂಬ ಮಾತು ಹತ್ತು ವರ್ಷ ಎಂಟು ತಿಂಗಳು ಅಂಟಿಕೊಂಡಿತ್ತು. ಬಿಡುಗಡೆಯ ದಿನ ಕೂಡ ನಮ್ಮ ತಲೆಬರಹಗಳು ಅವನಿಗೆ ಕೊಟ್ಟ ಪದ ಅದೇ: 'ಆರೋಪಿ ಖುಲಾಸೆ'. ನಿರ್ದೋಷಿ ಎಂದ ಮೇಲೂ ಅವನನ್ನು ಕರೆಯಲು ನಮ್ಮ ಹತ್ತಿರ ಬೇರೆ ಹೆಸರಿರಲಿಲ್ಲ.

ಕನ್ನಡದಲ್ಲಿ ಈ ವಿಷಯಕ್ಕೆ ಪದಗಳಿಗೇನು ಬರವಿಲ್ಲ. ದೋಷಮುಕ್ತ, ನಿರ್ದೋಷಿ, ನಿರಪರಾಧಿ, ಖುಲಾಸೆ. ಜನರ ಬಾಯಲ್ಲಿ ಮಾತ್ರ ಒಂದೇ: 'ಬಿಟ್ಟರು'. ಕಟ್ಟಿ ಹಾಕಿದ್ದನ್ನು ಬಿಡುವ ಮಾತು ಅದು. ತಪ್ಪು ಮಾಡಿದವನನ್ನೂ ಬಿಡಬಹುದು, ಮಾಡದವನನ್ನೂ ಬಿಡಬಹುದು. ಆ ಕ್ರಿಯಾಪದಕ್ಕೆ ಎರಡರ ನಡುವೆ ವ್ಯತ್ಯಾಸವೇ ಇಲ್ಲ. ನ್ಯಾಯಾಲಯ ಕೇಳಿಕೊಂಡ ಪ್ರಶ್ನೆ 'ಇವನೇ ಮಾಡಿದ್ದೆಂದು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಿದೆಯೇ' ಎಂಬುದು. ಊರು ಕೇಳುವ ಪ್ರಶ್ನೆ ಕಾಪುವಿನ ಆ ಹೆಂಗಸಿನದು. ಮೊದಲಿನದಕ್ಕೆ ಉತ್ತರ ಬಂತು. ಎರಡನೆಯದನ್ನು ಯಾವ ಕಟಕಟೆಯ ಮುಂದೆ ಇಡಬೇಕು ಎಂಬುದೇ ಗೊತ್ತಾಗದೆ ಅದು ಬೀದಿಗೆ ಬಂತು.

ಸಾಮಾನ್ಯವಾಗಿ ಕೊಲೆ ಕೇಸಿನಲ್ಲಿ ಒಬ್ಬ ಬಿಡುಗಡೆಯಾದರೆ ಜನ ಸಿಡಿಯುವುದು ಅವನ ಮೇಲೆ. 2006ರ ಫೆಬ್ರವರಿಯಲ್ಲಿ ಜೆಸ್ಸಿಕಾ ಲಾಲ್ ಕೊಲೆಯ ಆರೋಪಿಗಳು ಖುಲಾಸೆಯಾದಾಗ ದೆಹಲಿ ಸಿಡಿದದ್ದು ಹಾಗೆ. ನಮ್ಮಲ್ಲಿ ಆದದ್ದು ಬೇರೆ. ಬಿಡುಗಡೆಯಾದವನ ಮೇಲೆ ಜನರಿಗೆ ಸಿಟ್ಟಿರಲಿಲ್ಲ. 'ಅವನಲ್ಲ ಅಂತ ನಮಗೆ ಮೊದಲೇ ಗೊತ್ತಿತ್ತು' ಎಂದೇ ಉಡುಪಿಯ ಬಸ್ ನಿಲ್ದಾಣದಲ್ಲೂ ಮಣಿಪಾಲದ ಕ್ಯಾಂಟೀನಿನಲ್ಲೂ ಕೇಳಿದೆ. ಆ ಹುಡುಗಿಯ ತಾಯಿಯೇ ವೇದಿಕೆಯಿಂದ ವೇದಿಕೆಗೆ ಹೋಗಿ ನಿಜವಾದ ಅಪರಾಧಿ ಯಾರು ಎಂದು ಕೇಳುತ್ತಿದ್ದರು. ತೀರ್ಪನ್ನು ಒಪ್ಪಿಕೊಂಡೇ ತೀರ್ಪಿನ ದಿನ ರೊಚ್ಚಿಗೆದ್ದ ಊರು ಇದು.

ಆದರೆ 'ಮೊದಲೇ ಗೊತ್ತಿತ್ತು' ಎಂಬ ಮಾತು ನನ್ನ ಗಂಟಲಲ್ಲಿ ಇಳಿಯುವುದಿಲ್ಲ. 2012ರ ಅಕ್ಟೋಬರಿನ ಆ ವಾರ ನನಗೆ ನೆನಪಿದೆ. ಬೆಳಿಗ್ಗೆ ಪೇಪರಿನಲ್ಲಿ 'ಆರೋಪಿ ಸೆರೆ' ಎಂದು ಓದಿ ನಾನು ಹೆಂಡತಿಗೆ ಹೇಳಿದ ಮಾತು: "ಸದ್ಯ, ಸಿಕ್ಕಿದನಲ್ಲ." ಕಾಲೇಜಿಗೆ ಹೋಗುವ ಮಗಳಿದ್ದ ಮನೆ ನಮ್ಮದು. ಅವಳನ್ನು ಅಂದು ಧೈರ್ಯವಾಗಿ ಬಸ್ಸು ಹತ್ತಿಸಿದೆ. ಹಿಡಿದದ್ದು ಯಾರು, ಯಾವ ಆಧಾರದ ಮೇಲೆ, ಅವನ ಮಾತೇನು ಎಂದು ಒಂದು ಗಳಿಗೆಯೂ ಯೋಚಿಸಲಿಲ್ಲ. ನನ್ನ ಆ ನೆಮ್ಮದಿಯ ಬೆಲೆಯನ್ನು ಕಾರ್ಕಳದ ಒಂದು ಬಡ ಸಂಸಾರ ಕೊಟ್ಟಿತು. ಒಬ್ಬ ಸಿಕ್ಕಿದ ಎಂಬ ಸಮಾಧಾನ ನನ್ನಂಥವರಲ್ಲಿ ಎಷ್ಟು ಬೇಗ ತುಂಬಿತೋ, ಇನ್ನೊಬ್ಬನನ್ನು ಹುಡುಕುವ ಅಗತ್ಯ ಅಷ್ಟೇ ಬೇಗ ಇಲ್ಲವಾಯಿತು. ತನಿಖೆಯ ಮೊದಲ ಗಂಟೆಗಳು ಹೋದದ್ದು ಹೀಗೆಯೂ ಇರಬಹುದು.

ಆ ಗಂಟೆಗಳಲ್ಲಿ ಏನೇನು ಕೈತಪ್ಪಿತು ಎಂಬುದನ್ನು ವಿಚಾರಣೆಯೇ ಹೊರತಂದಿದೆ. ಎಲ್ಲಕ್ಕಿಂತ ನನ್ನನ್ನು ಕಾಡುವುದು ಒಂದು ಚಿಕ್ಕ ವಿವರ. ದೇಹದಿಂದ ತೆಗೆದ ಸ್ವಾಬ್ ಮಾದರಿಗಳನ್ನು ಗಾಳಿಗೆ ಸರಿಯಾಗಿ ಒಣಗಿಸದೆ ಕಟ್ಟಿಟ್ಟಿದ್ದರಿಂದ ಅವಕ್ಕೆ ಬೂಷ್ಟು ಹಿಡಿದಿತ್ತು. ಡಿಎನ್‌ಎ ತೆಗೆಯಲು ಏನೂ ಉಳಿದಿರಲಿಲ್ಲ. ಒದ್ದೆ ಇರುವಾಗ ಕಟ್ಟಿಟ್ಟದ್ದು ಏನಾಗುತ್ತದೆ ಎಂದು ಈ ಕರಾವಳಿಯಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಆಟಿಯ ಮಳೆಗೆ ಮೊದಲು ಹಪ್ಪಳ, ಸಾಂತಾಣಿ, ಒಣಮೀನು ಬಿಸಿಲಿಗೆ ಹಾಕುವ ಪ್ರತಿ ಮನೆಯ ಹೆಂಗಸಿಗೂ ಗೊತ್ತಿರುವ ಸಂಗತಿ ಅದು. ಒಂದು ಹುಡುಗಿಯ ಕೊನೆಯ ಸಾಕ್ಷಿಯನ್ನು ಆ ಮಟ್ಟದ ಎಚ್ಚರದಿಂದಲೂ ಯಾರೂ ಕಾಯಲಿಲ್ಲ.

ದೆಹಲಿಯ ಉದಾಹರಣೆ ಇಲ್ಲಿ ಕೆಲಸ ಮಾಡದಿರುವುದೂ ಇದೇ ಕಾರಣಕ್ಕೆ. ಜೆಸ್ಸಿಕಾ ಪ್ರಕರಣದಲ್ಲಿ ಜನರ ಒತ್ತಡದ ನಂತರ ಮೇಲ್ಮನವಿ ಬೇಗ ವಿಚಾರಣೆಗೆ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ಹೈಕೋರ್ಟು ಶಿಕ್ಷೆ ವಿಧಿಸಿತು. ಹೈಕೋರ್ಟಿಗೆ ಮತ್ತೊಮ್ಮೆ ಓದಲು ಅಲ್ಲಿ ಸಾಕ್ಷ್ಯವಿತ್ತು. ಎಷ್ಟೇ ದೊಡ್ಡ ಮೆರವಣಿಗೆಯೂ ಬೂಷ್ಟು ಹಿಡಿದ ಸ್ವಾಬಿನಿಂದ ಸಾಕ್ಷ್ಯ ಮಾಡಿಕೊಡಲಾರದು. 2024ರ ಆಗಸ್ಟಿನಲ್ಲಿ ಮರುತನಿಖೆಯ ಕೋರಿಕೆಯನ್ನು ನಮ್ಮ ಹೈಕೋರ್ಟು ತಳ್ಳಿಹಾಕಿತು.

ನಮ್ಮ ಜಿಲ್ಲೆಯದ್ದೇ ಎರಡು ಪ್ರಕರಣಗಳನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬೇಕು. 2013ರ ಜೂನ್‌ನಲ್ಲಿ ಮಣಿಪಾಲದಲ್ಲಿ ವೈದ್ಯಕೀಯ ವಿದ್ಯಾರ್ಥಿನಿಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ವಿದ್ಯಾರ್ಥಿಗಳು ಬೀದಿಗಿಳಿದರು. 2015ರಲ್ಲಿ ಮೂವರಿಗೆ ಜೀವಾವಧಿ ಶಿಕ್ಷೆಯಾಯಿತು. 2016ರ ಜುಲೈಯಲ್ಲಿ ಇಂದ್ರಾಳಿಯ ಹೋಟೆಲ್ ಉದ್ಯಮಿಯೊಬ್ಬರನ್ನು ಕೊಂದು, ಕಾರ್ಕಳ ತಾಲೂಕಿನ ನಂದಳಿಕೆಯಲ್ಲಿ ಹೋಮಕುಂಡದಲ್ಲಿ ಸುಟ್ಟರು. ದೇಹವೇ ಇಲ್ಲ. ಆದರೂ ತನಿಖೆಯವರು ಹೊಳೆಗಿಳಿದು ಮೂಳೆಯ ಚೂರು ಹುಡುಕಿ ತೆಗೆದರು. 2021ರ ಜೂನ್ 8ರಂದು ಉಡುಪಿಯ ನ್ಯಾಯಾಲಯ ಮೂವರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಬೂದಿಯಿಂದಲೂ ಸತ್ಯ ಹೊರಗೆ ತರಬಲ್ಲ ಪೊಲೀಸರು, ವೈದ್ಯರು, ವಿಜ್ಞಾನಿಗಳು ನಮ್ಮಲ್ಲಿದ್ದಾರೆ. ಆದ್ದರಿಂದಲೇ ಇಡೀ ದೇಹವೇ ಸಿಕ್ಕಿದ ಪ್ರಕರಣದಲ್ಲಿ ಹೀಗೇಕಾಯಿತು ಎಂಬ ಪ್ರಶ್ನೆ ಇನ್ನಷ್ಟು ಚುಚ್ಚುತ್ತದೆ. ಅದೇ ಇಂದ್ರಾಳಿ ಪ್ರಕರಣದಲ್ಲಿ ಸಾಕ್ಷ್ಯನಾಶದ ಆರೋಪ ಹೊತ್ತಿದ್ದ ಇನ್ನೊಬ್ಬ ಖುಲಾಸೆಯಾದ ಎಂಬುದು ಇಂದು ಎಷ್ಟು ಜನರ ನೆನಪಿನಲ್ಲಿದೆ? ಮೂವರಿಗೆ ಶಿಕ್ಷೆಯಾದ ಸುದ್ದಿಯಡಿ ಅವನ ಬಿಡುಗಡೆ ಎರಡು ಸಾಲಿನಲ್ಲಿ ಮುಗಿದುಹೋಯಿತು.

ಊರು ಕೇಳಿದ ಪ್ರಶ್ನೆಯ ಬಗ್ಗೆ ನನಗೆ ಗೌರವವಿದೆ. ದಕ್ಷಿಣ ಕನ್ನಡದಲ್ಲಿ 2024ರ ಲೋಕಸಭಾ ಚುನಾವಣೆಯಲ್ಲಿ 23 ಸಾವಿರಕ್ಕೂ ಹೆಚ್ಚು ಮಂದಿ 'ನೋಟಾ' ಒತ್ತಿದರು. ಈ ಹುಡುಗಿಗೆ ನ್ಯಾಯ ಸಿಗಬೇಕೆಂಬ ಅಭಿಯಾನವೇ ಅದರ ಹಿಂದಿತ್ತು. ಜಾತಿ, ಪಕ್ಷ, ಧರ್ಮ ಎಂದು ಸೀಳಿಹೋದ ನಮ್ಮ ಜಿಲ್ಲೆಗಳಲ್ಲಿ ಒಂದು ಬಡ ಮನೆಯ ಹುಡುಗಿಯ ಸಾವಿಗೆ ಇಷ್ಟು ಜನ ಒಟ್ಟಾದದ್ದು ಸಣ್ಣ ಸಂಗತಿಯಲ್ಲ. ಇಂಥ ಸಿಟ್ಟು ಎಲ್ಲರಿಗೂ ದಕ್ಕುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್‌ನಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. 'ಹಾಗಾದರೆ ಮಾಡಿದ್ದು ಯಾರು' ಎಂದು ಕೇಳಿ ದಲಿತ ಸಂಘಟನೆಗಳ ಗಂಟಲು ಒಣಗಿತು. ನಮ್ಮ ಕರಾವಳಿ ಅಂದು ಬೀದಿಗೆ ಬಂದದ್ದು ನನಗೆ ನೆನಪಿಲ್ಲ. ಈ ಪತ್ರಿಕೆಯೂ ಆ ಬಗ್ಗೆ ಒಂದು ಪುಟ ಕೊಡಲಿಲ್ಲ.

ಗೌರವ ಪ್ರಶ್ನೆಗೆ. ಉತ್ತರಗಳಿಗಲ್ಲ. ಸಭೆಗಳಲ್ಲಿ, ಮೊಬೈಲುಗಳಲ್ಲಿ ಹೆಸರುಗಳು ಹರಿದಾಡಿದವು, ಇವತ್ತಿಗೂ ಹರಿದಾಡುತ್ತಿವೆ. 'ಇಂಥವರೇ' ಎಂದು ಬೆರಳು ತೋರುವವರಲ್ಲಿ ಹೆಚ್ಚಿನವರು ಒಳ್ಳೆಯ ಮನಸ್ಸಿನವರು. 2012ರಲ್ಲಿ ಕಾರ್ಕಳದವನನ್ನು ಹಿಡಿದುಕೊಟ್ಟವರೂ, 'ಸದ್ಯ' ಎಂದ ನಾನೂ ನಮ್ಮನ್ನು ಒಳ್ಳೆಯವರೆಂದೇ ತಿಳಿದಿದ್ದೆವು. ಸಾಕ್ಷ್ಯವಿಲ್ಲದೆ ಒಬ್ಬನನ್ನು ಕೊಲೆಗಾರ ಎಂದು ಒಪ್ಪಿಕೊಂಡದ್ದೇ ಈ ಪ್ರಕರಣದ ಮೊದಲ ಅನ್ಯಾಯವಾಗಿದ್ದರೆ, ಅದನ್ನೇ ಬೇರೆಯವರ ಮೇಲೆ ಮತ್ತೆ ಮಾಡಿ ಆ ಹುಡುಗಿಗೆ ನ್ಯಾಯ ಹೇಗೆ ಕೊಡಿಸುವುದು? 2025ರ ಜುಲೈಯಲ್ಲಿ ಧರ್ಮಸ್ಥಳದಲ್ಲಿ ಹಲವು ಶವಗಳನ್ನು ಹೂತಿದ್ದಾಗಿ ಒಬ್ಬ ಕೊಟ್ಟ ಹೊಸ ದೂರು, ವಿಶೇಷ ತನಿಖಾ ತಂಡ, ನೆಲ ಅಗೆತ, ಆಗಸ್ಟಿನಲ್ಲಿ ದೂರು ಕೊಟ್ಟವನದೇ ಬಂಧನ, ಇವೆಲ್ಲ ನಡೆದಾಗ ಒಂದು ಗುಂಪು ಎಲ್ಲವನ್ನೂ ನಂಬಿತು, ಇನ್ನೊಂದು ಎಲ್ಲವನ್ನೂ ನಕ್ಕು ತಳ್ಳಿತು. ನಡುವೆ ನಿಂತು ಕಾಯುವವರಿಗೆ ಜಾಗವೇ ಇರಲಿಲ್ಲ.

ಕಾಯುವುದು, ಎರಡೂ ಕಡೆ ಕೇಳುವುದು ನಮಗೆ ಹೊಸದಲ್ಲ. ತಾಳಮದ್ದಲೆಯ ಊರು ನಮ್ಮದು. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿ ಬಿದ್ದಲ್ಲಿಂದಲೇ ಪ್ರಶ್ನಿಸುವಾಗ, ರಾಮಭಕ್ತರೇ ತುಂಬಿದ ಸಭೆ ರಾತ್ರಿಯಿಡೀ ವಾಲಿಯ ವಾದಕ್ಕೆ ಕಿವಿಗೊಟ್ಟು ಕೂರುತ್ತದೆ. ಅರ್ಥಧಾರಿ ವಾಲಿಯ ಪಕ್ಷವನ್ನು ದುರ್ಬಲವಾಗಿ ಮಾತಾಡಿದರೆ ಬೆಳಿಗ್ಗೆ ಅದೇ ಭಕ್ತರು 'ವಾಲಿ ಸಾಲಲಿಲ್ಲ' ಎಂದು ಬೇಸರಪಡುತ್ತಾರೆ. ಆ ಕಿವಿ ಚಾಪೆ ಸುತ್ತಿ ಮನೆಗೆ ಬರುವಾಗ ಎಲ್ಲಿ ಕಳೆದುಹೋಗುತ್ತದೆ?

ಕಾರ್ಕಳದ ಇನ್ನೊಂದು ಕಥೆಯನ್ನು ಪಾಡ್ದನಗಳು ಹೇಳುತ್ತವೆ. ಗೊಮ್ಮಟನನ್ನು ಕಡೆದ ಶಿಲ್ಪಿ ಬೀರ ಕಲ್ಕುಡನ ಕೈ ಕಾಲನ್ನು, ಇಂಥದ್ದು ಬೇರೆಲ್ಲೂ ಆಗಬಾರದೆಂದು, ಅರಸನೇ ಕಡಿಸಿದ. ತಂಗಿ ಕಲ್ಲುರ್ಟಿ ಅಣ್ಣನ ಸಲುವಾಗಿ ಅರಸನನ್ನು ಬಿಡದೆ ಕಾಡಿದಳು. ಇಬ್ಬರೂ ದೈವಗಳಾಗಿ ಇವತ್ತಿಗೂ ಕೋಲ ಪಡೆಯುತ್ತಾರೆ. ಅನ್ಯಾಯವಾದವರಿಗೆ ತುಳುನಾಡು ಹೀಗೊಂದು ಸ್ಥಾನ ಕೊಟ್ಟಿದೆ. ಬೆಂಗಳೂರಿನ ನ್ಯಾಯಾಲಯದಿಂದ ಬಿಡುಗಡೆಯಾಗಿ ಅದೇ ಕಾರ್ಕಳಕ್ಕೆ ಮರಳಿದವನಿಗೆ ಏನು ಕೊಟ್ಟೆವು? ತಪ್ಪು ಮೊಕದ್ದಮೆಯಲ್ಲಿ ಬದುಕು ಕಳೆದುಕೊಂಡವರಿಗೆ ಪರಿಹಾರ ಕೊಡುವ ಕಾನೂನು ಬೇಕೆಂದು ಕಾನೂನು ಆಯೋಗ 2018ರಲ್ಲೇ ತನ್ನ 277ನೇ ವರದಿಯಲ್ಲಿ ಹೇಳಿತ್ತು. ಅಂಥ ಪ್ರತ್ಯೇಕ ಕಾನೂನು ಬರಲೇ ಇಲ್ಲ. ಮೆರವಣಿಗೆಗಳಲ್ಲಿ ಅವನ ಸಲುವಾಗಿ ಒಂದು ಘೋಷಣೆ ಕೇಳಿದ ನೆನಪು ನನಗಿಲ್ಲ. ಅವನು ನಿರ್ದೋಷಿ ಎಂಬುದು ನಮ್ಮ ವಾದಕ್ಕೆ ಬೇಕಾಗಿತ್ತು, ಅವನು ಬೇಕಾಗಿರಲಿಲ್ಲ.

ಹಾಗಾದರೆ ಸಿಟ್ಟನ್ನು ಯಾವ ಬಾಗಿಲಿಗೆ ಒಯ್ಯಬೇಕು? ಒಂದು ಬಾಗಿಲು ಇದೆ. ಗುಜರಾತಿನಲ್ಲಿ ಒಂದು ಪುಟ್ಟ ಹುಡುಗಿಯ ಅತ್ಯಾಚಾರ, ಕೊಲೆಯ ಪ್ರಕರಣ ತನಿಖೆಯ ಲೋಪಗಳಿಂದ ಬಿದ್ದುಹೋದಾಗ, 2014ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೆ ಸೂಚನೆ ಕೊಟ್ಟಿತು: ಖುಲಾಸೆಯಾದ ಪ್ರತಿ ಪ್ರಕರಣವನ್ನೂ ಹಿರಿಯ ಅಧಿಕಾರಿಗಳ ಸಮಿತಿ ಪರಿಶೀಲಿಸಬೇಕು, ಯಾರ ಲೋಪದಿಂದ ಕೇಸು ಬಿತ್ತೆಂದು ಗುರುತಿಸಬೇಕು, ಕ್ರಮ ಕೈಗೊಳ್ಳಬೇಕು. ಸ್ವಾಬನ್ನು ಒದ್ದೆಯಲ್ಲೇ ಕಟ್ಟಿದ್ದು ಏಕೆ, ಅದು ಯಾರ ಜವಾಬ್ದಾರಿ, ಅಂದು ಆ ಆಸ್ಪತ್ರೆಯಲ್ಲಿ ಬೇಕಾದ ತಜ್ಞರು, ಸಲಕರಣೆಗಳು ಇದ್ದವೇ? 'ಯಾರು ಮಾಡಿದ್ದು' ಎಂಬುದಕ್ಕೆ ಉತ್ತರ ಸಿಗದೆಯೂ ಹೋಗಬಹುದು. ಈ ಪ್ರಶ್ನೆಗಳ ಉತ್ತರ ಸರ್ಕಾರದ ಕಡತಗಳಲ್ಲೇ ಇದೆ. ಅದನ್ನು ಓದಿ ಹೇಳಲು ಸಾಕ್ಷಿ ಬೇಡ, ಡಿಎನ್‌ಎ ಬೇಡ. ಮುಂದಿನ ಹುಡುಗಿಯ ಪ್ರಕರಣ ಬೀಳದಂತೆ ಕಾಯುವುದೂ ಅದೇ. ಪರಿಶೀಲನೆಯ ಫಲ ಏನೆಂದು ಜನರ ಮುಂದಿಡಿ ಎಂಬ ಬೇಡಿಕೆಯನ್ನು ಈ ಪುಟದಿಂದ ಇಡುತ್ತಿದ್ದೇನೆ.

ಮುಂದಿನ ಸಂಚಿಕೆಯ ಅರ್ಧ ಭಾಗ ಓದುಗರ ಪತ್ರಗಳಿಗೆ ಮೀಸಲು. ನಿಮಗೆ ಗೊತ್ತಿರುವ, ಕೇಳಿರುವ, ಅನುಮಾನವಿರುವ ಹೆಸರುಗಳನ್ನು ದಯವಿಟ್ಟು ಕಳಿಸಬೇಡಿ. ಅವನ್ನು ಓದದೆ ಹರಿದುಹಾಕುತ್ತೇವೆ. 2012ರ ಅಕ್ಟೋಬರಿನಲ್ಲಿ ಒಬ್ಬನನ್ನು ಹಿಡಿದ ಸುದ್ದಿ ಬಂದ ಬೆಳಿಗ್ಗೆ ನೀವು ಎಲ್ಲಿದ್ದಿರಿ, ಏನು ನಂಬಿದಿರಿ, ಮನೆಯವರಿಗೆ ಏನೆಂದಿರಿ ಎಂಬುದನ್ನು ಬರೆದು ಕಳಿಸಿ. ನನ್ನದನ್ನು ಮೇಲೆಯೇ ಬರೆದಿದ್ದೇನೆ.